ಪೋಲೆಂಡಿನಲ್ಲಿ ಉಕ್ಕಿದ ಇಡ್ಲಿ ಹಿಟ್ಟು

ಪಿರಿಯಾಪಟ್ಟಣ ಬಿಟ್ಟದ್ದು

ಪೋಲೆಂಡ್ ದೇಶದಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಅಲ್ಲಿಗೆ ಹೋಗುವವರು ಇದೊಂದನ್ನು ತಿಳಿದುಕೊಂಡು ಹೋದರೆ ಸಾಕು, ಉಳಿದದ್ದೆಲ್ಲ ಟಿವಿಯಲ್ಲೇ ಕಾಣುತ್ತದೆ. ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಒಬ್ಬ ಹೆಂಗಸಿನ ಕೆಲಸ ಉಳಿಯುತ್ತಿತ್ತು.

ನಾನು ಹೋದದ್ದು ನೋಡಲಿಕ್ಕಲ್ಲ, ಬೇಯಿಸಿ ಹಾಕಲಿಕ್ಕೆ. ಮೊಮ್ಮಗಳು ರಂಜಿತಾ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಹೊತ್ತಿಗೆ ಸರಿಯಾಗಿ ತಿನ್ನದೆ, ಬರೀ ಕಾಫಿ ಕುಡಿದು ಹೊಟ್ಟೆಯಲ್ಲಿ ಹುಣ್ಣು ಮಾಡಿಕೊಂಡು, ಲ್ಯಾಬಿನಲ್ಲೇ ಬಿದ್ದು ಆಸ್ಪತ್ರೆ ಸೇರಿದಳು. ಮನೆಯ ಊಟ, ಮೆತ್ತಗಿನದು, ಖಾರವಿಲ್ಲದ್ದು ಆಗಬೇಕು ಎಂದರಂತೆ ಡಾಕ್ಟರು. ಯಾರು ಹೋಗುವುದು ಎಂದು ಮಾತು ಬಂದಾಗ ನಮ್ಮಲ್ಲಿ ಹೊಗೆಸೊಪ್ಪು ಮುರಿಯುವ ಕಾಲ. ಸೊಪ್ಪನ್ನು ಕಾವಿನಲ್ಲಿ ಒಣಗಿಸುವ ಬ್ಯಾರನ್ನಿಗೆ ಏರಿಸಿ ಬೆಂಕಿ ಹಾಕಿದ ಮೇಲೆ ಮಗನಾಗಲಿ ಸೊಸೆಯಾಗಲಿ ಅಲುಗಾಡುವ ಹಾಗಿಲ್ಲ. ಕಾವು ಚೂರು ಹೆಚ್ಚುಕಮ್ಮಿಯಾದರೆ ಸೊಪ್ಪು ಕಪ್ಪಾಗಿ ಕೂರುತ್ತದೆ.

"ಅತ್ತೆ, ನೀವೇ ಓಗ್ಬನ್ನಿ. ನೀವಿಲ್ದಿದ್ರೆ ಇಲ್ಲೇನ್ ನಿಂತೋಯ್ತದೆ?" ಎಂದಳು ಸೊಸೆ ಭಾಗ್ಯ.

ನಿಜ ಹೇಳಿದರೆ ಕೋಪ ಮಾಡಿಕೊಳ್ಳುವವಳಲ್ಲ ನಾನು. ಆದರೂ ಅಂದೆ: "ಇಂಗ್ಲೀಸು ಬರಾಕಿಲ್ಲ ಕಣವ್ವ ನಂಗೆ."

"ಇಡ್ಲಿ ಬೇಯ್ಸಕ್ಕೆ ಇಂಗ್ಲೀಸ್ ಯಾಕತ್ತೆ?"

ಹಾಗೆ ಹೊರಟೆ. ನನ್ನ ತವರು ಹೊಸ ಅಗ್ರಹಾರದ ಕಡೆ, ನೀರಾವರಿ ಊರು. ಅಲ್ಲಿಂದ ತಮ್ಮ ಇಡ್ಲಿ ಅಕ್ಕಿ ಕಳಿಸಿದ. ರಾಗಿ ಹಿಟ್ಟು, ಉದ್ದಿನ ಬೇಳೆ, ಇಡ್ಲಿ ಸ್ಟ್ಯಾಂಡು, ಎಲ್ಲ ಗಂಟು ಕಟ್ಟಿದೆವು. ಭಾಷೆ ಬರದ ಮುದುಕರಿಗೆ ಗಾಲಿ ಕುರ್ಚಿ ಹೇಳಿದರೆ ಅವರೇ ತಳ್ಳಿಕೊಂಡು ದಾರಿ ದಾಟಿಸುತ್ತಾರೆ ಎಂದು ಟಿಕೆಟ್ ಮಾಡಿಸಿದವರು ಉಪಾಯ ಹೇಳಿಕೊಟ್ಟಿದ್ದರು. ಕಾಲು ಕಂಬದ ಹಾಗೆ ಗಟ್ಟಿಯಿದ್ದರೂ ಕುಂಟಿಯಂತೆ ಕೂತೆ. ನಡುವೆ ವಿಮಾನ ಬದಲಿಸುವ ಊರಿನಲ್ಲಿ, ತಳ್ಳುವ ಹುಡುಗಿ ಯಾರೊಂದಿಗೋ ಮಾತಿಗೆ ನಿಂತಳು. ನನಗೆ ಅವಸರವಾಗಿತ್ತು. ಎದ್ದು ಸರಸರ ನಡೆದು ಹೆಂಗಸರ ಕಕ್ಕಸ್ಸು ಹುಡುಕಿ ಹೋಗಿಬಂದೆ. ವಾಪಸು ಬಂದಾಗ ಅವಳು ಖಾಲಿ ಕುರ್ಚಿ ಹಿಡಿದು ಅಳುವ ಹಾಗಿದ್ದಳು. ಮತ್ತೆ ಕೂತೆ. ಆಮೇಲೆ ಅವಳು ತಳ್ಳಿದ ರಭಸದಲ್ಲೇ ಬೈದದ್ದು ಗೊತ್ತಾಯಿತು.

ಇಳಿದ ಕಡೆ ಒಬ್ಬ ಅಧಿಕಾರಿ ರಾಗಿ ಹಿಟ್ಟಿನ ಚೀಲ ಬಿಚ್ಚಿ, ಮೂಸಿ, ಇನ್ನೊಬ್ಬನನ್ನು ಕರೆದ. ಇಬ್ಬರೂ ಅದನ್ನು ಹೆಣದ ಬೂದಿಯೇನೋ ಎಂಬಂತೆ ನೋಡುತ್ತಿದ್ದರು. ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಚಪ್ಪರಿಸಿ ತೋರಿಸಿದೆ. ಬಿಟ್ಟುಬಿಟ್ಟರು.

ತಣ್ಣನೆ ಮನೆ

ರಂಜಿತಾಳ ಮನೆ ಎಂದರೆ ಒಂದು ಕೋಣೆ, ಒಂದು ಒಲೆ. ಗೋಡೆಗೆ ಕಬ್ಬಿಣದ ಕೊಳವೆಗಳ ಒಂದು ಚೌಕಟ್ಟು, ಬಿಸಿನೀರು ಹರಿದರೆ ಮನೆ ಬೆಚ್ಚಗಾಗುತ್ತದಂತೆ. ಆದರೆ ಅದನ್ನು ನಾವು ಹಚ್ಚುವ ಹಾಗಿಲ್ಲ, ಊರಿಗೆಲ್ಲ ಒಟ್ಟಿಗೆ ಯಾರೋ ಬಿಡಬೇಕು. ಅವರು ಇನ್ನೂ ಬಿಟ್ಟಿರಲಿಲ್ಲ. ನಮ್ಮ ಕಡೆ ನಾಲೆಗೆ ನೀರು ಬಿಡುವವರನ್ನು ಕಾಯುತ್ತೇವಲ್ಲ, ಹಾಗೆ ಆ ಜನ ಬಿಸಿಗೆ ಕಾಯುತ್ತಾರೆ. ನಮ್ಮವರಾಗಿದ್ದರೆ ಬೀಚನಹಳ್ಳಿ ಡ್ಯಾಮಿನ ಆಫೀಸಿನ ಮುಂದೆ ಕೂತು ಕೂಗಾಡುತ್ತಿದ್ದರು. ಇವರು ಸುಮ್ಮನೆ ಇನ್ನೊಂದು ಸ್ವೆಟರ್ ಹಾಕಿಕೊಳ್ಳುತ್ತಾರೆ.

ಮೆಟ್ಟಿಲಲ್ಲಿ ಎದುರಾದರೆ ಒಂದು ಪದ ಹೇಳಿ ಕಣ್ಣು ತಗ್ಗಿಸಿ ಹೋಗುತ್ತಾರೆ. ಯಾವೂರು, ಎಷ್ಟು ಮಕ್ಕಳು, ಏನಡುಗೆ, ಒಂದೂ ಕೇಳುವುದಿಲ್ಲ. ಮೊದಮೊದಲು ಜಂಬ ಎಂದುಕೊಂಡೆ. ಆಮೇಲೆ ಅದು ಹಾಯೆನಿಸಿತು.

ಇಡ್ಲಿಯದೇ ಪಾಡು. ನಮ್ಮಲ್ಲಿ ಇಡ್ಲಿ ಎಂದರೆ ಒಂದೋ ಹಬ್ಬಕ್ಕೆ, ಇಲ್ಲವೇ ಜ್ವರ ಬಂದವರಿಗೆ. ಹುಣ್ಣಿನ ಹೊಟ್ಟೆಗೂ ಅದೇ ಸರಿ ಎಂದು ರುಬ್ಬಿಟ್ಟೆ. ಹಿಟ್ಟು ಇಟ್ಟ ಹಾಗೇ ಇತ್ತು. ಕಂಬಳಿ ಸುತ್ತಿದೆ. ಒಲೆಯ ಪಕ್ಕ ಇಟ್ಟೆ. ಕಿಟಕಿಗೆ ಬಂದ ಬಿಸಿಲಿನ ಹಿಂದೆ ಪಾತ್ರೆ ಹೊತ್ತುಕೊಂಡು ಓಡಾಡಿದೆ. ಬೇಯಿಸಿದರೆ ಕಲ್ಲು.

ರಂಜಿತಾ ಒಂದನ್ನು ತಟ್ಟೆಯ ಮೇಲೆ ಬಡಿದು ತೋರಿಸಿದಳು. "ಅಜ್ಜಿ, ಇದ್ನ ಎಸುದ್ರೆ ಕೋತಿ ಸಾಯ್ತದೆ."

"ತಿನ್ನೇ ಸುಮ್ಕೆ. ಬೆಳಿಗ್ಗೆಯಿಂದ ಅದರ ಸೇವೆನೇ ಮಾಡಿವ್ನಿ."

ಲ್ಯಾಬು

ಒಂದು ದಿನ ಅವಳ ಕೆಲಸದ ಜಾಗಕ್ಕೆ ಕರೆದುಕೊಂಡು ಹೋದಳು. ಮನೆಯ ಮುಂದಿನ ಬಸ್ಸು ಹಿಡಿದರೆ ಅದರ ಬಾಗಿಲಿಗೇ ಇಳಿಸುತ್ತದೆ.

ಅವಳು ಮಾಡುವುದೇನೆಂದು ಊರಿನಲ್ಲಿ ಕೇಳಿದವರಿಗೆಲ್ಲ "ಏನೋ ಸೈನ್ಸು" ಎನ್ನುತ್ತಿದ್ದೆ. ಅಲ್ಲಿ ಕೂರಿಸಿ ಹೇಳಿದಳು. ಯೀಸ್ಟ್ ಎಂದರೆ ಬ್ರೆಡ್ಡು ಉಬ್ಬಿಸುವ, ಹೆಂಡ ಹುಳಿಯಿಸುವ ಜೀವ, ಕಣ್ಣಿಗೆ ಕಾಣದಷ್ಟು ಚಿಕ್ಕದು. ಅದರೊಳಗೆ ರೈಬೋಸೋಮ್ ಎಂಬ ಯಂತ್ರಗಳು. ಪ್ರೋಟೀನು ತಯಾರಿಸುವುದು ಅವುಗಳ ಕೆಲಸ. ಆ ಯಂತ್ರದ ಪಕ್ಕದಿಂದ ಒಂದು ಕಾಂಡ ಚಾಚಿಕೊಂಡಿರುತ್ತದೆ. ಬುಡದಲ್ಲಿ ಒಂದು ಪ್ರೋಟೀನು, ಅದನ್ನು ಹಿಡಿದುಕೊಂಡು ಜೋಡಿ ಜೋಡಿಯಾಗಿ ಹುಳಿ ಗುಣದವು ನಾಲ್ಕು. ಬೇಕಾದ ಆಳುಗಳನ್ನು ಕರೆದು ಯಂತ್ರಕ್ಕೆ ಹಚ್ಚುವುದು ಈ ಕಾಂಡದ ಕೆಲಸವಂತೆ. ರಂಜಿತಾ ಆ ನಾಲ್ಕನ್ನೂ ಇಲ್ಲದಂತೆ ಮಾಡಿದ ಯೀಸ್ಟನ್ನು ಬೆಳೆಸಿ, ಅದು ಹೇಗೆ ಬಾಳುತ್ತದೆ ಎಂದು ನೋಡುತ್ತಾಳೆ.

"ನಾಲ್ಕೂ ಕಿತ್ರೆ ಬದುಕ್ತದಾ?"

"ಬದುಕ್ತದೆ ಅಜ್ಜಿ. ಆದ್ರೆ ಬಲು ನಿಧಾನ. ಬೇರೆದು ಒಂದ್ ದಿನಕ್ಕೆ ಬೆಳದಷ್ಟು ಇದು ಮೂರು ದಿನಕ್ಕೂ ಬೆಳಿಯಾಕಿಲ್ಲ."

"ಬುಡದಲ್ಲಿರೋದ್ನ ಕಿತ್ರೆ?"

"ಸತ್ತೋಯ್ತದೆ."

"ಬುಡ ಕಿತ್ರೆ ಸಾಯ್ತದೆ ಅಂತ ತಿಳ್ಕೊಳಕ್ಕೆ ಇಷ್ಟ್ ದೂರ ಬಂದ್ಯಾ?"

ನಕ್ಕಳು. ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಕೆಲಸ ಮಾತ್ರ ಸುಲಭದ್ದಲ್ಲ. ಯೀಸ್ಟಿನ ಜೊತೆ ಸಣ್ಣ ಗಾಜಿನ ಮಣಿ ಹಾಕಿ ಕುಲುಕಿ ಕುಲುಕಿ ಒಡೆಯುತ್ತಾರೆ, ಅದೂ ಮಂಜುಗಡ್ಡೆಯಲ್ಲಿಟ್ಟು. ಆ ರಸವನ್ನು ಒಂದು ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ರೈಬೋಸೋಮೆಲ್ಲ ತಳಕ್ಕೆ ಕೂರುತ್ತದೆ. ತಿರುಗಿಸುವ ಮುಂಚೆ ಎದುರುಬದುರು ಕೊಳವೆಗಳ ತೂಕ ಸಮ ಇರಬೇಕು, ಇಲ್ಲದಿದ್ದರೆ ಯಂತ್ರ ಒಡೆದುಹೋಗುತ್ತದೆ. ಆಮೇಲೆ ಉಪ್ಪು ಮತ್ತು ಸ್ಪಿರಿಟ್ಟು ಬೆರೆಸಿ ತೊಳೆದರೆ ಕಾಂಡದ ಹುಳಿ ಪ್ರೋಟೀನು ಕಳಚಿಕೊಂಡು ನೀರಿಗೆ ಬರುತ್ತದೆ. ಅದನ್ನು ಜೆಲ್ ಎಂಬ ಲೋಳೆಯ ಹಾಳೆಯಲ್ಲಿ ಕರೆಂಟು ಕೊಟ್ಟು ಓಡಿಸುತ್ತಾರೆ. ಒಂದೊಂದೂ ತನ್ನ ಹುಳಿಗೆ ತಕ್ಕ ಜಾಗದಲ್ಲಿ ಗೆರೆಯಾಗಿ ನಿಲ್ಲುತ್ತದೆ. ಅದನ್ನೆಲ್ಲ ತಾಳ್ಮೆಯಿಂದ ಮಾಡುವ ಹುಡುಗಿಗೆ ಹೊತ್ತಿಗೆ ಒಂದು ತುತ್ತು ತಿನ್ನುವ ತಾಳ್ಮೆ ಇರಲಿಲ್ಲ.

ಹಲೀನಾಳ ಕೋಣೆ

ಲ್ಯಾಬಿನ ಕೊನೆಗೆ ಪಾತ್ರೆ ತೊಳೆಯುವ ಕೋಣೆ. ಅಲ್ಲಿ ಹಲೀನಾ ಎಂಬ ಹೆಂಗಸು. ನನಗಿಂತ ಚಿಕ್ಕವಳು, ದಪ್ಪ, ಕೈ ಕೆಂಪಗೆ ಬಿರುಕು ಬಿಟ್ಟದ್ದು. ಗಾಜಿನ ಪಾತ್ರೆಗಳನ್ನೆಲ್ಲ ತೊಳೆದು, ಆಳೆತ್ತರದ ಕುಕ್ಕರಿನಂಥದ್ದರಲ್ಲಿ ಬೇಯಿಸಿ, ಯೀಸ್ಟಿಗೆ ಬೇಕಾದ ಊಟವನ್ನು ತಟ್ಟೆ ತಟ್ಟೆಗೆ ಹೊಯ್ದಿಡುವುದು ಅವಳ ಕೆಲಸ. ಕೊಳೆ ಪಾತ್ರೆ ತಂದು ಬಿಸಾಕಿ ಹೋಗುವ ಹುಡುಗರ ಬೆನ್ನಿಗೆ ಜೋರು ಬಾಯಿ ಮಾಡುತ್ತಿದ್ದಳು.

"ಅದು ಬಾಯ್ಬಡುಕಿ ಕಣಜ್ಜಿ, ಅತ್ರ ಓಗ್ಬ್ಯಾಡ" ಎಂದಿದ್ದಳು ರಂಜಿತಾ.

ನನಗೆ ಬಾಯಿ ಮಾಡುವ ಹೆಂಗಸರೇ ಅರ್ಥವಾಗುವುದು. ಲ್ಯಾಬಿಗೆ ಹೋದಾಗಲೆಲ್ಲ ಅವಳ ಕೋಣೆಯಲ್ಲೇ ಕೂರುತ್ತಿದ್ದೆ. ಗಾಜಿನ ಲೋಟದಲ್ಲಿ ಹಾಲಿಲ್ಲದ ಟೀ ಕೊಡುತ್ತಿದ್ದಳು, ಮೇಲೊಂದು ನಿಂಬೆ ಚೂರು. ಅವಳು ಅವಳ ಭಾಷೆಯಲ್ಲಿ ಮಂಡಿ ತೋರಿಸಿ ಏನೋ ಹೇಳುವಳು, ನಾನು ನನ್ನ ಸೊಂಟ ತೋರಿಸಿ "ಇದ್ರ ಮನೆ ಆಳಾಗ" ಎನ್ನುವೆ. ಅವಳ ಕೆಲಸದ ಕಾಗದ ವರ್ಷ ವರ್ಷವೂ ಹೊಸದಾಗಿ ಬರೆಯಬೇಕಂತೆ, ಪಿಂಚಣಿಗೆ ಇನ್ನು ಸ್ವಲ್ಪ ಕಾಲ ಇದೆಯಂತೆ. ಇದನ್ನು ರಂಜಿತಾ ಹೇಳಿದ್ದು, ದಾರಿಯಲ್ಲಿ, ಬೇರೆ ಯಾವುದೋ ಮಾತಿನ ನಡುವೆ.

ಬೆಚ್ಚನೆ ಬೀರು

ಲ್ಯಾಬಿನಲ್ಲಿ ಯೀಸ್ಟು ಬೆಳೆಸಲು ಒಂದು ಬೆಚ್ಚನೆಯ ಬೀರು ಇದೆ. ನಮ್ಮ ಬ್ಯಾರನ್ನಿನ ಹಾಗೆ ಅದರ ಕಾವು ಏರುವಂತಿಲ್ಲ, ಇಳಿಯುವಂತಿಲ್ಲ. ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು.

"ನಿನ್ ಯೀಸ್ಟಿಗೆ ಬೆಚ್ಚಗಿನ್ ಮನೆ. ನಿನ್ ಅಜ್ಜಿ ಹಿಟ್ಟಿಗೆ ಇಲ್ವೇನೇ?" ಎಂದೆ.

ತಮಾಷೆಗೆ ಅಂದದ್ದು. ಮಾರನೆಯ ದಿನ ಅವಳೇ ಹಿಟ್ಟಿನ ಡಬ್ಬಿ ಬ್ಯಾಗಿಗೆ ಹಾಕಿಕೊಂಡಳು. ಒಳಗೆ ತಿನ್ನುವ ವಸ್ತು ತರಬಾರದೆಂದು ಬಾಗಿಲಿನ ಮೇಲೇ ಚಿತ್ರ ಬರೆದು ಗೀಟು ಹೊಡೆದಿದ್ದಾರೆ, ಓದು ಬರದ ನನಗೂ ಕಾಣುತ್ತದೆ. "ಯಾರ್ ನೋಡ್ತಾರೆ ಬುಡಜ್ಜಿ" ಎಂದಳು. ಹಿಟ್ಟು ಹೂವಿನ ಹಾಗೆ ಉಬ್ಬಿ ಬಂತು. ಆ ಹೊತ್ತಿನ ಇಡ್ಲಿ ನಮ್ಮೂರಿನಲ್ಲೂ ಅಷ್ಟು ಹಗುರ ಆದದ್ದಿಲ್ಲ. ಹುಡುಗಿ ತಟ್ಟೆ ನೆಕ್ಕಿ ತಿಂದಳು. ಆಮೇಲೆ ಅದೇ ರೂಢಿಯಾಯಿತು.

ಒಂದು ಸಲ ನಾನು ಡಬ್ಬಿಯ ಕತ್ತಿನವರೆಗೆ ಹೊಯ್ದುಬಿಟ್ಟೆ. ಆ ಬೀರುವಿನಲ್ಲಿ ಅದು ಉಕ್ಕಿ, ಮುಚ್ಚಳ ಹಾರಿ, ಕೆಳಗಿನ ಹಲಗೆಗೆ ಸುರಿಯಿತು. ಕೆಳಗೆ ರಂಜಿತಾಳ ಯೀಸ್ಟಿನ ತಟ್ಟೆಗಳಿದ್ದವು. ಬೆಳಿಗ್ಗೆ ಹೋಗಿ ನೋಡಿ ಗಾಬರಿಯಾಗಿ ಸ್ಪಿರಿಟ್ಟಿನಲ್ಲಿ ಒರೆಸಿದಳಂತೆ. ಅಷ್ಟರಲ್ಲಿ ತೊಳೆದ ಪಾತ್ರೆ ತಂದ ಹಲೀನಾ ಆ ಬಿಳಿಯದನ್ನು ನೋಡಿ ಏನೆಂದು ಕೇಳಿದಳಂತೆ. ಏನೂ ಇಲ್ಲ ಎಂದಳಂತೆ ಇವಳು.

ಮನೆಗೆ ಬಂದು ನನ್ನ ಮೇಲೆ ಹಾರಾಡಿದಳು. "ಡಬ್ಬಿ ತುಂಬ ಯಾಕ್ ಉಯ್ದೆ?"

"ನೀ ಯಾಕ್ ತಕ್ಕೊಂಡೋದೆ?"

ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ನಾಲ್ಕು ಗೆರೆ

ಕೆಲವು ದಿನ ಕಳೆದು, ಸಾಸಿವೆ ಕಾಳಿನಷ್ಟೂ ಬೆಳೆಯದ ಅವಳ ಯೀಸ್ಟು ಒಂದು ತಟ್ಟೆಯಲ್ಲಿ ಉದ್ದಿನ ಬೇಳೆಯಷ್ಟು ದಪ್ಪ ದಪ್ಪ ಬೆಳೆದಿತ್ತು. ಅವಳ ಮೇಲಿನ ಪ್ರೊಫೆಸರು ಒಬ್ಬ ಉದ್ದನೆಯ ಹೆಂಗಸು, ನಾನು ದೊಡ್ಡಮೇಡಂ ಎನ್ನುತ್ತಿದ್ದೆ. ಆಕೆ ತಟ್ಟೆ ಹಿಡಿದು ರಂಜಿತಾಳನ್ನು ತಬ್ಬಿಕೊಂಡಳಂತೆ. ಕಾಂಡದ ನಾಲ್ಕು ಪ್ರೋಟೀನು ಇಲ್ಲದೆಯೂ ಜೋರಾಗಿ ಬಾಳುವ ದಾರಿಯನ್ನು ಈ ಯೀಸ್ಟು ಕಂಡುಕೊಂಡಿದೆ, ಇದು ನಿಜವಾದರೆ ನಿನ್ನ ಹೆಸರು ಎಲ್ಲ ಕಡೆ ಹೋಗುತ್ತದೆ ಎಂದಳಂತೆ. ಕೇಕು ಕತ್ತರಿಸಿದರು. ಫೋನಿನಲ್ಲಿ ಭಾಗ್ಯ ಬ್ಯಾರನ್ನಿನ ಮುಂದೆ ನಿಂತೇ ಕೂಗಿದಳು: "ಅತ್ತೆ, ನಿಮ್ ಇಡ್ಲಿ ತಿಂದೇ ಕಣತ್ತೆ ಇದಾಗಿದ್ದು!"

ಅವಳ ಬಾಯಿಗೆ ಸಕ್ಕರೆ ಹಾಕಬೇಕೋ ಮಣ್ಣು ಹಾಕಬೇಕೋ, ಈಗಲೂ ತಿಳಿಯದು.

ನಿಜವೋ ಅಲ್ಲವೋ ಎಂದು ನೋಡಲು ರಂಜಿತಾ ಆ ದಪ್ಪ ಯೀಸ್ಟನ್ನು ಬೆಳೆಸಿ, ಒಡೆದು, ತೊಳೆದು, ಜೆಲ್ ಓಡಿಸಿದಳು. ಶನಿವಾರ, ಬೇರೆ ಯಾರೂ ಇರಲಿಲ್ಲ, ನನ್ನನ್ನೂ ಕರೆದೊಯ್ದಿದ್ದಳು. ಹಾಳೆಯನ್ನು ಬೆಳ್ಳಿಯ ನೀರಿನಲ್ಲಿ ನೆನೆಸಿ, ಇನ್ನೊಂದು ನೀರಿಗೆ ಹಾಕಿ ಅಲ್ಲಾಡಿಸುತ್ತಾ ಕೂತಳು. ಹೊಗೆಸೊಪ್ಪು ಹದಕ್ಕೆ ಬರುವಾಗ ಬಣ್ಣ ತಿರುಗುತ್ತದಲ್ಲ, ಹಾಗೆ ಮೊದಲು ಹಳದಿ, ಆಮೇಲೆ ಕಂದು ಗೆರೆಗಳು ಎದ್ದವು. ಒಂದು ಕಡೆ ಮಾಮೂಲಿ ಯೀಸ್ಟು, ಅದರಲ್ಲಿ ನಾಲ್ಕು ಗೆರೆ. ನಡುವೆ ಅವಳ ಹಳೆಯ ನಿಧಾನದ ಯೀಸ್ಟು, ಆ ಜಾಗ ಖಾಲಿ. ಕೊನೆಗೆ ಈ ದಪ್ಪನೆಯದು. ಅಲ್ಲಿ ನಾಲ್ಕೂ ಗೆರೆ ಮೂಡಿದವು.

ಹುಡುಗಿ ಹಾಳೆ ಅಲ್ಲಾಡಿಸುವುದನ್ನು ನಿಲ್ಲಿಸಿದಳು.

"ಏನಾಯ್ತೇ?"

"ಕಿತ್ತಾಕಿದ್ದು ನಾಲ್ಕೂ ಅವೆ ಕಣಜ್ಜಿ. ಇದು ನನ್ ಯೀಸ್ಟೇ ಅಲ್ಲ. ಎಲ್ಲಿಂದ್ಲೋ ಬಂದ್ ಸೇರ್ಕೊಂಡದೆ."

ನಮ್ಮ ಹಿಟ್ಟನ್ನು ಉಬ್ಬಿಸುವುದರಲ್ಲಿಯೂ ಯೀಸ್ಟು ಇರುತ್ತದೆ ಎಂದು ಅವಳೇ ಒಮ್ಮೆ ಹೇಳಿದ್ದಳು.

ಊಟದ ಮೇಜು

ಸೋಮವಾರ ಅವಳು ದೊಡ್ಡಮೇಡಂಗೆ ಜೆಲ್ ತೋರಿಸಿದಳು. ಅಷ್ಟು ಮಟ್ಟಿಗೆ ಪ್ರಾಮಾಣಿಕಳೇ. ಸಂತೋಷವೆಲ್ಲ ಇಳಿದ ಮೇಲೆ ದೊಡ್ಡಮೇಡಂ ಕೇಳಿದಳಂತೆ, ಹೊರಗಿನ ಯೀಸ್ಟು ಬಂದದ್ದು ಎಲ್ಲಿಂದ? ತಟ್ಟೆ ಹೊಯ್ಯುವವಳು ಹಲೀನಾ. ಪಾತ್ರೆ ಬೇಯಿಸುವವಳು ಹಲೀನಾ. ಸರಿಯಾಗಿ ಬೇಯಿಸಿಲ್ಲ ಎಂದಾಯಿತು. ಹಲೀನಾ ಸುಮ್ಮನಿರಲಿಲ್ಲ, ಬೀರುವಿನಲ್ಲಿ ಬಿಳಿಯದು ಚೆಲ್ಲಿದ್ದನ್ನು ಹೇಳಿದಳು. ದೊಡ್ಡಮೇಡಂ ರಂಜಿತಾಳ ಕಡೆ ತಿರುಗಿದಳಂತೆ. ಇದನ್ನೆಲ್ಲ ಅವಳು ಹೇಳಿದ್ದು ರಾತ್ರಿ ಊಟಕ್ಕೆ ಕೂತಾಗ.

"ನೀನೇನಂದೆ?" ಎಂದೆ.

ರಂಜಿತಾ ಇಡ್ಲಿ ಮುರಿಯುತ್ತಾ ಹೇಳಿದಳು: "ಅಂಗೇನೂ ಇರ್ಲಿಲ್ಲ ಅಂದೆ."

ಒಂದು ತುಂಡು ತಿಂದು ಅವಳೇ ಶುರು ಮಾಡಿದಳು. "ತಿನ್ನೋದ್ ಒಳಕ್ಕೆ ತಂದಿದ್ದೆ ಅಂದ್ರೆ ಸೀದಾ ಆಚೆಗ್ ಆಕ್ತಾರಜ್ಜಿ. ವೀಸಾ ಓಯ್ತದೆ. ಅಪ್ಪ ಅಮ್ಮ ಊರಲ್ಲಿ ಎಂಗ್ ಮುಖ ಎತ್ಕೊಂಡ್ ತಿರ್ಗಾಡಾದು?"

"ಆಯಮ್ಮಂಗೆ?"

"ಈ ಸಲ ಕಾಗದ ಬರಿಯಾಕಿಲ್ವಂತೆ. ಬೇರೆ ಕಡೆ ಸಿಗ್ತದೆ ಬುಡು. ತೊಳ್ಯೋ ಕೆಲ್ಸ ತಾನೇ."

"ತೊಳ್ಯೋ ಕೆಲ್ಸ ತಾನೇ. ಊಂ. ನಾನೂ ಜೀವ್ಮಾನ ಪೂರ್ತಿ ತೊಳ್ದೇ ಕಣೇ ನಿಮ್ಮಪ್ಪನ್ ಸಾಕಿದ್ದು."

"ನೀ ಅಳ್ಳಿ ಮಾತ್ ಇಲ್ಲಿ ಆಡ್ಬ್ಯಾಡ. ನಿಂಗ್ ಗೊತ್ತಾಗಾಕಿಲ್ಲ."

ಅಳ್ಳಿ ಮಾತೇ ಇರಲಿ. ಬ್ಯಾರನ್ನಿನಲ್ಲಿ ಸೊಪ್ಪು ಕೆಟ್ಟರೆ ನಮ್ಮಲ್ಲೂ ಬೆಂಕಿ ಕಾಯುವ ಕೂಲಿಯವನು ನಿದ್ದೆ ಮಾಡಿದ ಎನ್ನುತ್ತಾರೆ. ಹಸಿ ಸೊಪ್ಪು ಏರಿಸಿದ ಯಜಮಾನನ ಹೆಸರು ಯಾರೂ ಎತ್ತುವುದಿಲ್ಲ. ಏಳು ಸಮುದ್ರ ದಾಟಿ ಹೋದರೂ ಅದನ್ನೇ ನೋಡಿದೆ.

ದೊಡ್ಡಮೇಡಂ ಕೋಣೆ

ಮಾರನೆಯ ದಿನ ಅವಳು ಹೋದ ಮೇಲೆ ನಾನೇ ಬಸ್ಸು ಹತ್ತಿದೆ. ಕೈಯಲ್ಲಿ ಹಿಟ್ಟಿನ ಡಬ್ಬಿ, ಇನ್ನೊಂದು ಡಬ್ಬಿಯಲ್ಲಿ ಇಡ್ಲಿ. ಹಿಟ್ಟನ್ನೂ ಅದು ಏನಾಗುತ್ತದೆ ಎಂಬುದನ್ನೂ ಎರಡನ್ನೂ ತೋರಿಸಿದರೆ ತಿಳಿಯುತ್ತದೆ ಎಂದು ನನ್ನ ಲೆಕ್ಕ. ಆ ಬುದ್ಧಿಗೆ ಬೆಂಕಿ ಹಾಕ.

ದೊಡ್ಡಮೇಡಂ ಎದ್ದು ನಿಂತು ಕುರ್ಚಿ ಕೊಟ್ಟಳು. ನಾನು ಕೂರಲಿಲ್ಲ. ಹಿಟ್ಟು ತೋರಿಸಿದೆ. ಕೈಯಿಂದ ಉಬ್ಬುವುದನ್ನು ತೋರಿಸಿದೆ. ಬೀರು ಇರುವ ಕಡೆ ಬೊಟ್ಟು ಮಾಡಿದೆ. ಸುರಿಯುವುದನ್ನು ತೋರಿಸಿದೆ. ತೊಳೆಯುವ ಕೋಣೆಯ ಕಡೆ ತೋರಿಸಿ, ಅಲ್ಲ ಅಲ್ಲ ಎಂದು ತಲೆಯಾಡಿಸಿ, ನನ್ನ ಎದೆ ಮುಟ್ಟಿಕೊಂಡೆ. ಆಕೆ ತನ್ನ ಫೋನನ್ನು ನನ್ನ ಬಾಯಿಗೆ ಹಿಡಿದಳು. ನಮ್ಮ ಮಾತಿಗೆ ಫೋನು ಬೆಪ್ಪಾಯಿತು. ಏನೋ ಬರೆದು ತೋರಿಸಿತು, ಆಕೆ ಓದಿ ಹುಬ್ಬು ಗಂಟಿಕ್ಕಿ, ಹೊರಗೆ ಹೋಗಿ ರಂಜಿತಾಳನ್ನು ಕರೆತಂದಳು.

ಹುಡುಗಿ ಡಬ್ಬಿ ನೋಡಿ ನಿಂತಲ್ಲೇ ನಿಂತಳು.

"ಯೋಳು" ಎಂದೆ. "ನಮ್ ಹಿಟ್ಟು ನಿಮ್ ಬೀರುನಾಗ್ ಉಕ್ಕಿ ನನ್ ಮೊಮ್ಮಗಳ ತಟ್ಟೆ ಕೆಡ್ತು. ತುಂಬ ಉಯ್ದೋಳು ನಾನು. ಹಲೀನಮ್ಮಂದು ಏನೂ ತಪ್ಪಿಲ್ಲ, ಅವಳ್ನ ಕಳಿಸ್ಬ್ಯಾಡಿ. ನಾ ಅಂದಿದ್ನ ಅಂಗಂಗೇ ಯೋಳು."

ರಂಜಿತಾ ನೆಲ ನೋಡಿದಳು. ಆಮೇಲೆ ತಲೆಯೆತ್ತಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನಾನಾಡಿದ್ದರ ಕಾಲು ಭಾಗವೂ ಇರಲಿಲ್ಲ ಅದು. ಅದರಲ್ಲಿ ಹಲೀನಾ ಎಂಬ ಹೆಸರು ಬರಲಿಲ್ಲ. ಹೆಸರಿಗೆ ಭಾಷೆ ಬೇಕಿಲ್ಲ, ಬಂದಿದ್ದರೆ ನನಗೆ ಕೇಳುತ್ತಿತ್ತು.

ದೊಡ್ಡಮೇಡಂ ಮುಖ ಅರಳಿತು. ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡಳು. ಹೊರಗೆ ಹೋಗಿ ಹುಡುಗರನ್ನೆಲ್ಲ ಕೂಗಿದಳು. ಕಾಫಿ ಕುಡಿಯುವ ಕೋಣೆಯಲ್ಲಿ ನನ್ನ ಇಡ್ಲಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಫೋರ್ಕಿನಲ್ಲಿ ಚುಚ್ಚಿ, ಒಬ್ಬೊಬ್ಬರೂ ತಿಂದು ನನಗೆ ಕೈ ಮುಗಿದರು.

"ಏನಂದೆ ಅವ್ರಿಗೆ?" ಎಂದು ಕೇಳಿದೆ.

"ನನ್ ನೋಡ್ಕೊಂಡಿದ್ದಕ್ಕೆ ಥ್ಯಾಂಕ್ಸ್ ಯೋಳಕ್ ಬಂದವ್ಳೆ, ತಿಂಡಿ ತಂದವ್ಳೆ ಅಂದೆ" ಎಂದಳು, ನಗುನಗುತ್ತಲೇ, ಅವರೆಲ್ಲ ನೋಡುತ್ತಿದ್ದರಲ್ಲ.

ತೊಳೆಯುವ ಕೋಣೆಯ ಬಾಗಿಲು ತೆರೆದಿತ್ತು. ಹಲೀನಾ ಅಲ್ಲಿ ನಿಂತು ಈ ಊಟ ನೋಡುತ್ತಿದ್ದಳು. ಮೇಜಿನ ಮೇಲೆ ಮುಚ್ಚಳ ತೆಗೆದ ಡಬ್ಬಿ, ಅದರಲ್ಲಿ ಬಿಳಿ ಹಿಟ್ಟು. ಅವಳ ಕಣ್ಣು ಡಬ್ಬಿಗೆ ಹೋಯಿತು, ರಂಜಿತಾಳಿಗೆ ಹೋಯಿತು, ನನಗೆ ಬಂತು. ಅಷ್ಟು ಓದಿದವರಿದ್ದ ಕೋಣೆಯಲ್ಲಿ ನಾನು ಹೇಳಬೇಕೆಂದದ್ದು ಯಾರಿಗಾದರೂ ತಲುಪಿತು ಎಂದರೆ ಅವಳೊಬ್ಬಳಿಗೆ. ಆದರೆ ಅವಳು ನೋಡಿದ್ದು ನಾವು ಅವಳ ಕೆಲಸ ಕಳೆದು ಹಬ್ಬ ಮಾಡುತ್ತಿದ್ದುದನ್ನು.

ಬಸ್ ಸ್ಟಾಪು

ರಂಜಿತಾಳ ಹೊಟ್ಟೆ ವಾಸಿಯಾಯಿತು. ಡಾಕ್ಟರು ಕೊಳವೆ ಹಾಕಿ ನೋಡಿ ಹುಣ್ಣು ಮಾಗಿದೆ ಎಂದರು. ಇಷ್ಟೆಲ್ಲ ಆದ ಮೇಲೂ ಅವಳು ಚೆನ್ನಾಗಿ ತಿಂದಳು, ಚೆನ್ನಾಗಿ ನಿದ್ದೆ ಮಾಡಿದಳು. ನಾನು ಬಂದ ಕೆಲಸ ಆಗಿತ್ತು. ಅವಳಿಗೆ ಗಂಜಿ ಮಾಡಿ ಹಾಕಿದೆ, ಇಡ್ಲಿ ಮಾಡಲಿಲ್ಲ. ಅವಳೂ ಕೇಳಲಿಲ್ಲ. ಊರಿಗೆ ಬಿಸಿನೀರು ಬಿಟ್ಟಿದ್ದರು, ಮನೆ ಬೆಚ್ಚಗಿತ್ತು.

ಹೊರಡುವ ಮುಂಚೆ ಒಂದು ಮಧ್ಯಾಹ್ನ ಲ್ಯಾಬಿನ ಮುಂದಿನ ಬಸ್ ಸ್ಟಾಪಿಗೆ ಹೋಗಿ ಕೂತೆ. ಹಲೀನಾ ಅಲ್ಲೇ ಬಸ್ಸು ಹತ್ತುವುದು ನನಗೆ ಗೊತ್ತಿತ್ತು. ಬಂದಳು. ಕೈಯಲ್ಲಿ ಒಂದು ದೊಡ್ಡ ಚೀಲ, ಮೇಲೆ ಅವಳ ಟೀ ಲೋಟ ಕಾಣುತ್ತಿತ್ತು. ನನ್ನನ್ನು ನೋಡಿ ನಿಂತಳು, ಕೂರಲಿಲ್ಲ.

ನಾನು ಎದ್ದು ಅವಳ ಮುಂದೆ ನಿಂತು ಎಲ್ಲ ಹೇಳಿದೆ. ನನ್ನ ಮಾತಿನಲ್ಲೇ, ಮೊದಲಿನಿಂದ ಕೊನೆಯವರೆಗೆ. "ನನ್ ಮೊಮ್ಮಗಳು ಸುಳ್ಳಾಡವ್ಳೆ ಕಣವ್ವ. ನಾ ನಿಜ ಯೋಳಕ್ ಬಂದೆ, ಅದ್ನೂ ಅವ್ಳು ತಿರುಗ್ಸ್‌ಬುಟ್ಲು. ನಿನ್ ಕೈಯಾಗಿದ್ದ ಕೆಲ್ಸ ನಮ್ ಮನೆಯೋರ್ ತಿಂದ್ಬುಟ್ರು." ಅವಳು ಪೂರ್ತಿ ಕೇಳಿದಳು, ನಡುವೆ ಒಂದು ಸಲವೂ ಕಣ್ಣು ತೆಗೆಯಲಿಲ್ಲ.

ಆಮೇಲೆ ಅವಳು ಮಾತಾಡಿದಳು. ಅವಳ ಭಾಷೆಯಲ್ಲಿ, ನಾನು ಆಡಿದ್ದಕ್ಕಿಂತ ಉದ್ದವಾಗಿ. ಜೋರಾಗಿ ಅಲ್ಲ. ಹುಡುಗರ ಬೆನ್ನಿಗೆ ಕೂಗುತ್ತಿದ್ದ ಆ ಬಾಯಿ ಅವತ್ತು ಬಲು ಮೆಲ್ಲಗಿತ್ತು. ಒಂದು ಪದವೂ ನನಗೆ ತಿಳಿಯಲಿಲ್ಲ. ಕ್ಷಮಿಸಿದ್ದೇನೆ ಎಂದು ಅವಳು ಹೇ‍ಳಿದಳು ಅಂತ ಊರಿನಲ್ಲಿ ಹೇಳಿಕೊಳ್ಳಬಹುದು, ಯಾರೂ ಪರೀಕ್ಷೆ ಮಾಡಲು ಹೋಗುವುದಿಲ್ಲ. ಆದರೆ ಅವಳ ಮುಖ ನೋಡಿದ ನನಗೆ ಗೊತ್ತು, ಅವಳು ಹೇಳಿದ್ದು ಅದಲ್ಲ.

ಬಸ್ಸು ಬಂತು. ನಾನು ಹೋಗಬೇಕಾದದ್ದೂ ಅದೇ ಬಸ್ಸು. ಅವಳು ಚೀಲ ಎತ್ತಿಕೊಂಡು ಹತ್ತಿ, ಒಳಗಿನಿಂದ ನನ್ನ ಕಡೆ ನೋಡದೆ ಕೂತಳು. ಡ್ರೈವರು ನನಗಾಗಿ ಬಾಗಿಲು ತೆರೆದೇ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತ. ನಾನು ಹೋಗು ಎಂದು ಕೈ ಬೀಸಿದೆ.